ಹನ್ನೆರಡು ಪುಟಗಳ ತಪ್ಪು

2009ರ ಮಳೆಗಾಲ. ನನಗೆ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದ್ದ ಮೇಷ್ಟ್ರು ನಿವೃತ್ತರಾದ ಮೇಲೆ ಹತ್ತು ವರ್ಷ ಅಲೆದು ನಮ್ಮೂರಿನ ಇತಿಹಾಸ ಬರೆದಿದ್ದರು. ಕೆರೆ ಏರಿಯ ವೀರಗಲ್ಲು, ಶಾನುಭೋಗರ ಮನೆಯ ಕಡತ, ಒಕ್ಕಲು ಮನೆತನಗಳ ವಂಶಾವಳಿ ಎಲ್ಲವೂ ಅದರಲ್ಲಿದ್ದವು. ಟೈಪ್ ಮಾಡಿ ಪುಟ ಕಟ್ಟುವ ಕೆಲಸ ನನ್ನದು. ನುಡಿಯಲ್ಲಿ ಟೈಪಿಸಿ, ವರ್ಡ್‌ನಲ್ಲಿ ಪುಟ ಹೊಂದಿಸಿ, ಪ್ರಿಂಟ್ ತೆಗೆದು ಕೊಟ್ಟೆ. ಆ ಪ್ರಿಂಟ್ ಮುಂದಿಟ್ಟುಕೊಂಡು ಮೇಷ್ಟ್ರು ಎರಡು ತಿಂಗಳು ಕೂತು ಪುಸ್ತಕಕ್ಕೆ ಪದಸೂಚಿ ತಯಾರಿಸಿದರು. ಪ್ರತಿ ಹೆಸರಿನ ಮುಂದೆ ಪುಟಸಂಖ್ಯೆ, ಎಲ್ಲವೂ ಕೈಬರಹದಲ್ಲಿ.

ಪುಸ್ತಕದಲ್ಲಿ ನಾಲ್ಕು ಸೆಕ್ಷನ್‌ಗಳಿದ್ದವು. ಮೊದಲನೆಯದು ಮುನ್ನುಡಿ, ಅರಿಕೆಗಳ 12 ಪುಟ, ರೋಮನ್ ಅಂಕಿಯಲ್ಲಿ. ಎರಡನೆಯದು ಮೊದಲ ನಾಲ್ಕು ಅಧ್ಯಾಯ. ಪುಟಸಂಖ್ಯೆ 1ರಿಂದ ಶುರು. ಮೂರನೆಯದು ವಂಶಾವಳಿಗಳು, ಹಾಳೆ ಅಡ್ಡ ತಿರುಗಿದ ಪುಟಗಳು. ನಾಲ್ಕನೆಯದು ಉಳಿದದ್ದೆಲ್ಲ.

ಮುದ್ರಣಕ್ಕೆ ಕೊಡುವ ಹಿಂದಿನ ರಾತ್ರಿ ಪದಸೂಚಿಯನ್ನೂ ಸೇರಿಸಿ ಕೊನೆಯ ಸಲ ಕಣ್ಣಾಡಿಸುತ್ತಿದ್ದೆ. ನಾಲ್ಕನೇ ಅಧ್ಯಾಯದ ಕೊನೆಗೆ ಸುಮ್ಮನೆ ಖಾಲಿ ಜಾಗವೊಂದು ಉಳಿದಂತೆ ಕಂಡಿತು. ಡಿಲೀಟ್ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕೂ ಅಧ್ಯಾಯಗಳು ಅಡ್ಡ ಮಲಗಿದವು. ಗಾಬರಿಯಲ್ಲಿ ಆ ಭಾಗವನ್ನೆಲ್ಲ ಆಯ್ದುಕೊಂಡು ಹಾಳೆಯನ್ನು ಮತ್ತೆ ನೆಟ್ಟಗೆ ನಿಲ್ಲಿಸಿದೆ. ನೋಡಲು ಎಲ್ಲ ಮೊದಲಿನಂತೆಯೇ ಆಯಿತು. ಬೆಳಿಗ್ಗೆ ಫೈಲು ಪ್ರೆಸ್ಸಿಗೆ ಹೋಯಿತು.

ಮೊದಲಿನಂತೆ ಆಗಿರಲಿಲ್ಲ. ಪುಸ್ತಕ ಕೈಗೆ ಬಂದಾಗ ಮೊದಲ ಅಧ್ಯಾಯ ಶುರುವಾಗಿದ್ದು 13ನೇ ಪುಟದಲ್ಲಿ. ಮೇಷ್ಟ್ರ ಎರಡು ತಿಂಗಳ ಪದಸೂಚಿಯ ಒಂದೊಂದು ಸಂಖ್ಯೆಯೂ ತಪ್ಪು.

ಏಕೆ ಹೀಗಾಯಿತು ಎಂದು ತಿಳಿಯಲು ನಾನು ಬಹಳ ಹಿಂದಕ್ಕೆ ಹೋಗಬೇಕಾಯಿತು. ಕಂಪ್ಯೂಟರಿನಲ್ಲಿ ಬರಹಕ್ಕೆ ರೂಪ ಕೊಡುವ ಮೊದಮೊದಲ ಪ್ರೋಗ್ರಾಮುಗಳಲ್ಲಿ ಒಂದು ರನ್ಆಫ್. 1964ರಲ್ಲಿ ಅಮೆರಿಕದ ಎಂಐಟಿಯಲ್ಲಿ ಜೆರೋಮ್ ಸಾಲ್ಟ್ಜರ್ ಬರೆದದ್ದು. ಅದರಲ್ಲಿ ಚುಕ್ಕಿಯಿಂದ ಶುರುವಾಗುವ ಸಾಲು ಬರಹವಲ್ಲ, ಆಜ್ಞೆ. ಇಲ್ಲಿಂದ ಮುಂದಕ್ಕೆ ಹೀಗೆ ಹೋಗು ಎಂದು ಅದು ಹೇಳುತ್ತಿತ್ತು. 1978ರಲ್ಲಿ ಬಂದ ವರ್ಡ್‌ಸ್ಟಾರ್ ಕೂಡ ಈ ಚುಕ್ಕಿ ಆಜ್ಞೆಗಳನ್ನೇ ಬಳಸಿತು. ಇದು ತಮಟೆಯವನು ಮುಂದೆ ನಡೆದು ಮೆರವಣಿಗೆ ಹಿಂದೆ ಬಂದಂತೆ. ಆಜ್ಞೆ ಮೊದಲು, ಬರಹ ಆಮೇಲೆ.

ಈ ಕ್ರಮ ತಿರುಗಿದ್ದು ಕ್ಯಾಲಿಫೋರ್ನಿಯಾದ ಪಾಲೋ ಆಲ್ಟೋದಲ್ಲಿ, ಝೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ. ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತವರ ಜೊತೆಗಾರರು 1974ರಲ್ಲಿ ಆಲ್ಟೋ ಎಂಬ ಯಂತ್ರಕ್ಕಾಗಿ ಬ್ರಾವೋ ಎಂಬ ಬರಹ ತಿದ್ದುವ ಪ್ರೋಗ್ರಾಮ್ ಕಟ್ಟಿದರು. ಪರದೆಯ ಮೇಲೆ ಕಂಡದ್ದೇ ಕಾಗದದ ಮೇಲೂ ಬರಬೇಕು ಎಂಬುದು ಅವರ ಆಸೆ. ಹಾಗಾಗಿ ಆಜ್ಞೆಗಳು ಕಣ್ಣಿಗೆ ಬೀಳುವಂತಿರಲಿಲ್ಲ. ಬ್ರಾವೋ ಫೈಲಿನಲ್ಲಿ ಪ್ಯಾರಾ ಮುಗಿದ ಮೇಲೆ ಅದರ ರೂಪದ ವಿವರ ಬಾಲದ ಹಾಗೆ ಅಂಟಿಕೊಂಡಿರುತ್ತಿತ್ತು.

ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಅವರೂ ರಿಚರ್ಡ್ ಬ್ರೋಡಿಯೂ ರೂಪಿಸಿದ ವರ್ಡ್ 1983ರಲ್ಲಿ ಹೊರಬಂತು. ಕೊನೆಯಲ್ಲಿ ಗುರುತು ಇಡುವ ಆ ಅಭ್ಯಾಸ ಇಲ್ಲೂ ಕಾಣುತ್ತದೆ. ಪ್ಯಾರಾದ ರೂಪ ಪ್ಯಾರಾ ಮುಗಿಯುವ ಗುರುತಿನಲ್ಲಿ. ಸೆಕ್ಷನ್ನಿನ ರೂಪ, ಅಂದರೆ ಹಾಳೆಯ ದಿಕ್ಕು, ಅಂಚು, ಪುಟಸಂಖ್ಯೆ ಎಲ್ಲಿಂದ ಶುರು ಎಂಬುದೆಲ್ಲ, ಸೆಕ್ಷನ್ ಮುಗಿಯುವ ಗುರುತಿನಲ್ಲಿ. ಕಟ್ಟಕಡೆಯ ಸೆಕ್ಷನ್ನಿನದು ಮಾತ್ರ ಇಡೀ ಬರಹದ ಕೊನೆಯಲ್ಲಿ. ಇಂದಿನ ಡಾಕ್ಸ್ ಫೈಲಿನ ಹೆಸರಿನ ಬಾಲವನ್ನು ಜಿಪ್ ಎಂದು ಬದಲಿಸಿ ಬಿಚ್ಚಿದರೆ ಇದನ್ನು ಯಾರು ಬೇಕಾದರೂ ಕಣ್ಣಾರೆ ನೋಡಬಹುದು.

ಈಗ ನನ್ನ ತಪ್ಪು ಬಿಡಿಸಿಕೊಂಡಿತು. ನಾನು ಅಳಿಸಿದ್ದು ಖಾಲಿ ಜಾಗವನ್ನಲ್ಲ. ನಾಲ್ಕು ಅಧ್ಯಾಯಗಳ ಜಾತಕ ಅಲ್ಲಿತ್ತು. ಅದು ಹೋದದ್ದೇ, ಅನಾಥವಾದ ಅಧ್ಯಾಯಗಳು ಮುಂದಿನ ಗುರುತಿನ, ಅಂದರೆ ವಂಶಾವಳಿಯ ವಶಕ್ಕೆ ಹೋದವು. ವಂಶಾವಳಿಯ ಹಾಳೆ ಅಡ್ಡ, ಇವೂ ಅಡ್ಡವಾದವು. ವಂಶಾವಳಿಯ ಪುಟಸಂಖ್ಯೆಗೆ ಹಿಂದಿನದನ್ನು ಮುಂದುವರಿಸು ಎಂಬ ಸೂಚನೆಯಿತ್ತು. ಇವೂ ಮುನ್ನುಡಿಯ 12ರಿಂದ ಮುಂದುವರಿದವು. ಹಾಳೆಯ ದಿಕ್ಕು ಕಣ್ಣಿಗೆ ಹೊಡೆದದ್ದರಿಂದ ಸರಿಮಾಡಿದೆ. ಸಂಖ್ಯೆ ಸದ್ದಿಲ್ಲದೆ ಬದಲಾಗಿತ್ತು. ಕೂಡಲೇ ಅನ್‌ಡೂ ಒತ್ತಿದ್ದರೆ ಎರಡೂ ಉಳಿಯುತ್ತಿದ್ದವು. ಅಡಗಿದ ಗುರುತುಗಳನ್ನು ತೋರಿಸುವ ಗುಂಡಿಯನ್ನು ಮೊದಲೇ ಒತ್ತಿದ್ದರೆ ಅಳಿಸುವ ಮಾತೇ ಬರುತ್ತಿರಲಿಲ್ಲ.

ಇಷ್ಟನ್ನೂ ಮೇಷ್ಟ್ರ ಮನೆಯ ಜಗಲಿಯಲ್ಲಿ ಕೂತು ತಲೆ ತಗ್ಗಿಸಿ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

"ಅಧ್ಯಾಯದ ಗುರುತು ಅಧ್ಯಾಯದ ಕೊನೆಗೆ ಇರ್ತದೆ ಅಂತೀಯ?"

"ಹೌದು ಮೇಷ್ಟ್ರೇ."

"ಪಂಪನಲ್ಲಿ ಎಲ್ಲಿರ್ತದೆ, ಹೇಳು?"

ನನಗೆ ಹೊಳೆಯಲಿಲ್ಲ. ಒಳಗಿನಿಂದ ವಿಕ್ರಮಾರ್ಜುನ ವಿಜಯ ತಂದು ಆಶ್ವಾಸಗಳ ಕೊನೆ ತೋರಿಸಿದರು. ಹದಿನಾಲ್ಕು ಆಶ್ವಾಸಗಳು; ಒಂದೊಂದೂ ಮುಗಿಯುವಲ್ಲಿ ಒಂದು ಗದ್ಯ. ಇದು ಇಂಥ ಕಾವ್ಯದ ಇಷ್ಟನೆಯ ಆಶ್ವಾಸ ಎಂಬ ಮಾತು ಅಲ್ಲಿ ಬರುತ್ತದೆ. "ಓಲೆಗರಿ ಓದೋನಿಗೆ ಇದು ಅಭ್ಯಾಸ. ತಾನು ಓದಿದ್ದು ಯಾವುದು ಅನ್ನೋದು ಕೊನೆ ಗರಿ ನೋಡಿದ್ರೆ ತಿಳೀತಿತ್ತು. ಆ ಗರಿ ಕಳೆದ್ರೆ ಆಯ್ತು, ಯಾರ ಕೃತಿಯೋ ಏನೋ! ನೀನು ಕಳೆದದ್ದೂ ಕೊನೆ ಗರೀನೇ ಕಣಯ್ಯಾ."

ಪಾಲೋ ಆಲ್ಟೋದವರು ಪಂಪನನ್ನು ಓದಿದ್ದರೆಂದು ನಾನು ಹೇಳುತ್ತಿಲ್ಲ. ಎರಡಕ್ಕೂ ನಂಟಿಲ್ಲ. ಆದರೂ ಒಂದು ಭಾಗ ಎಂಥದು ಎಂಬುದನ್ನು ಅದು ಮುಗಿದಾಗ ಹೇಳಬೇಕು ಎಂಬ ತಿಳಿವಳಿಕೆ ಎರಡು ಕಡೆಯೂ ಕಂಡಿತಲ್ಲ ಎಂದು ಅಚ್ಚರಿಯಾಗುತ್ತದೆ.

ಅಚ್ಚಾಗಿದ್ದು 300 ಪ್ರತಿ. ಮತ್ತೆ ಅಚ್ಚು ಹಾಕಿಸಲು ಮೇಷ್ಟ್ರ ಪಿಂಚಣಿ ಸಾಲದು. ನಾನು ಕೊಡುತ್ತೇನೆಂದರೆ ಅವರು ಒಪ್ಪಲಿಲ್ಲ. ಬದಲಿಗೆ ಒಂದು ಒಪ್ಪೋಲೆ ಬರೆದುಕೊಟ್ಟರು: ಪದಸೂಚಿಯ ಪ್ರತಿ ಪುಟಸಂಖ್ಯೆಗೂ ದಯವಿಟ್ಟು 12 ಕೂಡಿಸಿಕೊಳ್ಳಿ. ಅಷ್ಟೇ. ನನ್ನ ಹೆಸರು ಅದರಲ್ಲಿರಲಿಲ್ಲ. ಎರಡು ದಿನ ಇಬ್ಬರೂ ಜಗಲಿಯಲ್ಲಿ ಕೂತು, ಮೈದಾ ಅಂಟು ಕಾಯಿಸಿಕೊಂಡು, ಮುನ್ನೂರು ಚೀಟಿ ಅಂಟಿಸಿದೆವು.

ಮೇಷ್ಟ್ರು ಈಗಿಲ್ಲ. ಊರಿನಲ್ಲಿ ಯಾರದಾದರೂ ಅಜ್ಜನ ಹೆಸರು ಬೇಕಾದಾಗ ಆ ಪುಸ್ತಕ ತೆಗೆಯುತ್ತಾರೆ, ಪದಸೂಚಿ ನೋಡುತ್ತಾರೆ, ಬೆರಳು ಎಣಿಸಿ 12 ಕೂಡಿಸುತ್ತಾರೆ. ಹಿಂದಿನದನ್ನೆಲ್ಲ ಸರಿಯಾಗಿ ಓದಿಸುವ ಮಾತು ಅಲ್ಲೂ ಪುಸ್ತಕದ ಕೊನೆಯಲ್ಲೇ ಇದೆ.