ಬ್ರೇಕ್ ಬಿಗಿ ಆದರ ತಪ್ಪು ಯಾರದು?

ಸ್ಕೂಟರ್ ಕೊಳ್ಳೋ ಮುಂದ ನಾವು ಹೆಣ್ಮಕ್ಕಳು ಎಲ್ಲಾ ಕೇಳ್ತೇವಿ. ಎಷ್ಟು ಪೆಟ್ರೋಲ್ ಕುಡೀತದ, ಡಿಕ್ಕಿಯೊಳಗ ಕಾಯಿಪಲ್ಯದ ಚೀಲ ಹಿಡೀತದೋ ಇಲ್ಲೋ, ಯಾವ ಬಣ್ಣ ಅದ. ಆದರ ಮಾರಿದ ಗಾಡಿಯೊಳಗ ದೋಷ ಕಂಡರ ಕಂಪನಿಯವರು ಅದನ್ನ ವಾಪಸ್ ಕರೆದು, ಒಂದು ರೂಪಾಯಿ ತೊಗೊಳ್ಳದ ರಿಪೇರಿ ಮಾಡಿಕೊಡೋ ಪದ್ಧತಿ ಅದ ಅನ್ನೋದು ಭಾಳ ಮಂದಿಗೆ ಗೊತ್ತಿಲ್ಲ. ಇದಕ್ಕ ರಿಕಾಲ್ ಅಂತಾರ. ಇದರ ಕಥಿ ಸ್ವಲ್ಪ ಹೇಳ್ತೀನಿ, ಕೇಳ್ರಿ.

ಮೊದಲ ಅಪಘಾತ ಆತು ಅಂದರ ನಡೆಸಿದವರದ್ದ ತಪ್ಪು ಅಂತಿದ್ದರು. ಅಮೆರಿಕಾದಾಗ 1965ರಲ್ಲಿ ರಾಲ್ಫ್ ನೇಡರ್ ಅನ್ನೋ ವಕೀಲರು ಒಂದು ಪುಸ್ತಕ ಬರೆದು, ಗಾಡಿ ತಯಾರಿಸಿದವರನ್ನೂ ಕೇಳಬೇಕು ಅಂದರು. ಮರುವರ್ಷನ ಅಲ್ಲೆ ಕಾಯ್ದೆ ಬಂತು, ದೋಷ ಗೊತ್ತಾದರ ಕೊಂಡವರಿಗೆ ತಿಳಿಸಲೇಬೇಕು ಅಂತ. ರಿಪೇರಿ ಪುಕ್ಕಟೆ ಆಗಲಿಕ್ಕೆ ಮತ್ತ 1974ರ ತನಕ ಕಾಯಬೇಕಾತು. ನಮ್ಮ ದೇಶದಾಗ 2012ರ ಜುಲೈಯೊಳಗ ವಾಹನ ತಯಾರಕರ ಸಂಘ ಸಿಯಾಮ್ ಒಂದು ಸ್ವಯಂಪ್ರೇರಿತ ನಿಯಮ ಮಾಡಿತು. ಸ್ವಯಂಪ್ರೇರಿತ ಅಂದರ ಗೊತ್ತಲ್ಲ, ಮನಸ್ಸಿದ್ದರ ಮಾಡೋದು.

ನಮಗ ಹತ್ತಿರದ್ದು ಅಂದರ 2019ರದು. ಹೋಂಡಾ ಕಂಪನಿ 50,034 ಗಾಡಿ ವಾಪಸ್ ಕರೀತು. ನಮ್ಮ ಹುಡುಗ್ಯಾರು ಹೊಡೆಯೋವ ಅವು: ಆಕ್ಟಿವಾ 125, ಗ್ರಾಜಿಯಾ, ಏವಿಯೇಟರ್, ಮುಂದ ಡಿಸ್ಕ್ ಬ್ರೇಕ್ ಇದ್ದವು. ಜೋಡಿ ಸಿಬಿ ಶೈನ್ ಬೈಕ್. ಆ ವರ್ಷದ ಫೆಬ್ರುವರಿ 4ರಿಂದ ಜುಲೈ 3ರೊಳಗ ತಯಾರಾದವು. ಸಂಶಯ ಇದ್ದದ್ದು ಮುಂದಿನ ಬ್ರೇಕಿನ ಮಾಸ್ಟರ್ ಸಿಲಿಂಡರ್ ಮ್ಯಾಲೆ. ಹ್ಯಾಂಡಲಿನ ಬಲಕ್ಕ ಸಣ್ಣ ಡಬ್ಬಿ ಇರ್ತದಲ್ಲ, ಅದು. ರಂಗಪಂಚಮಿ ಪಿಚಕಾರಿ ಇದ್ದಂಗ ಅದರ ಕೆಲಸ. ಹಿಡಿ ಒತ್ತಿದರ ಎಣ್ಣಿ ನಳಿಗುಂಟ ಹೋಗಿ ಗಾಲಿ ಹತ್ತಿರದ ಪ್ಯಾಡ್‌ಗಳನ್ನ ಡಿಸ್ಕಿಗೆ ಒತ್ತಿ ಹಿಡೀತದ. ಕೈ ಬಿಟ್ಟ ಮ್ಯಾಲೆ ಆ ಒತ್ತಡ ಇಳೀಬೇಕು. ಇಳೀಲಿಲ್ಲಂದರ ಪ್ಯಾಡ್ ಬಿಡಂಗಿಲ್ಲ. ಈ ಗಾಡಿಗಳೊಳಗ ಹಿಡಿ ಬಿಗಿ ಆಗಿ ಗಾಲಿ ಎಳದಂಗ ಆಗಬಹುದು, ಒಮ್ಮೊಮ್ಮೆ ಜಾಮ್ ಆಗಬಹುದು ಅಂತ ಕಂಪನಿಯವರ ಹೇಳಿದ್ದರು. ವಾರಂಟಿ ಇರಲಿ ಬಿಡಲಿ, ಪುಕ್ಕಟೆ ಬದಲಿ.

ಈಗ ಹೇಳ್ರಿ, ಬ್ರೇಕಿನ ಹಿಡಿ ಬಿಗಿ ಆಗೇದ ಅಂತ ಹುಡುಗಿ ಮನ್ಯಾಗ ಹೇಳಿದರ ಏನು ಉತ್ತರ ಬರ್ತದ? “ನಿನ್ನ ಕೈಯಾಗ ಶಕ್ತಿ ಇಲ್ಲ”, ಇಲ್ಲಾ “ನಿನಗ ಹೊಡೀಲಿಕ್ಕೆ ಬರಂಗಿಲ್ಲ”. ನಮ್ಮ ಓಣಿಯೊಳಗ ಒಬ್ಬರ ಸೊಸಿ ಎರಡು ತಿಂಗಳು ಇದನ್ನ ಕೇಳಿಸಿಕೊಂಡ್ಳು. ಬ್ಯಾರೆ ಕಂಪನಿ ಗಾಡಿ, ಸೆಕೆಂಡ್ ಹ್ಯಾಂಡ್ ತೊಗೊಂಡದ್ದು. ಕಡೀಕೆ ಸರ್ವಿಸ್ ಸೆಂಟರಿನವರು ನಂಬರ್ ಹಾಕಿ ನೋಡಿದರ ರಿಕಾಲ್ ಪಟ್ಟಿಯೊಳಗ ಇತ್ತು! ಪತ್ರ ಮೊದಲಿನ ಮಾಲಕರ ವಿಳಾಸಕ್ಕ ಹೋಗಿತ್ತು. ಅರ್ಧ ದಿನದಾಗ ಕೆಲಸ ಮುಗೀತು. ಮನಿ ಗಂಡಸರು ಆಮ್ಯಾಲೆ ಏನೂ ಅನ್ನಲಿಲ್ಲ, ಚಹಾ ಕೇಳಿದರಂತ.

2019ರಾಗ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿನೂ ಆತು. 110ಎ ಕಲಂ ಪ್ರಕಾರ ಗಾಡಿ ವಾಪಸ್ ಕರೀರಿ ಅಂತ ಸರ್ಕಾರನ ಆಜ್ಞಾ ಮಾಡಬಹುದು. 2021ರ ಏಪ್ರಿಲ್ 1ರಿಂದ ನಿಯಮ ಜಾರಿ ಆದವು. ಏಳು ವರ್ಷದೊಳಗಿನ ಗಾಡಿಗೆ ಅನ್ವಯ, ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿ ತನಕ. ಕಾಗದದ ಮ್ಯಾಲೆ ಛಲೋ ಅದ.

ನಿಮ್ಮ ಗಾಡೀದು ನೋಡಬೇಕಂದರ ಆರ್‌ಸಿಯೊಳಗ ಚಾಸಿ ನಂಬರ್ ಇರ್ತದ, ಅಕ್ಷರ ಅಂಕಿ ಕೂಡಿ 17. ಅದನ್ನ ಕಂಪನಿ ವೆಬ್‌ಸೈಟಿನಾಗ ಹಾಕ್ರಿ, ಇಲ್ಲಾ ಶೋರೂಮಿನವರಿಗೆ ಕೊಟ್ಟು ಕೇಳ್ರಿ. ಓಣಿ ಮೆಕ್ಯಾನಿಕ್ ಎಷ್ಟ ಛಲೋ ಇರಲಿ, ಈ ಕೆಲಸಕ್ಕ ಕಂಪನಿ ಸರ್ವಿಸ್ ಸೆಂಟರಿಗೇ ಹೋಗಬೇಕು; ಪುಕ್ಕಟೆ ಭಾಗ ಬರೋದು ಅಲ್ಲಿಗೆ. ಜಾಬ್ ಕಾರ್ಡಿನ ಪ್ರತಿ ಇಸಕೊಂಡು ಆರ್‌ಸಿ ಜೋಡಿ ಇಡ್ರಿ. ಸೆಕೆಂಡ್ ಹ್ಯಾಂಡ್ ಗಾಡಿ ಇದ್ದರ ಫೋನ್ ನಂಬರ್ ಹೊಸದಾಗಿ ಬರಸ್ರಿ, ಯಜಮಾನರದಲ್ಲ, ಗಾಡಿ ಹೊಡೆಯೋವರದು.