ಯಾರಿಂದ ಸ್ವತಂತ್ರ? ‘ಕ್ಯಾಸ್ಟ್‌ಲೆಸ್ ಕಲೆಕ್ಟಿವ್’ ತಂಡದ ಚರಿತ್ರೆಗೆ ಒಂದು ಟಿಪ್ಪಣಿ

ದಲಿತ ವಿಮರ್ಶೆ ಅಂದ ಕೂಡಲೆ ನಾವು ಕಾವ್ಯ, ಕಥೆ, ಆತ್ಮಕಥೆಗಳ ಹತ್ತಿರ ಹೋಗುತ್ತೇವೆ. ಹಾಡು ನಮಗೆ ಚಳವಳಿಯ ಒಂದು ಸಲಕರಣೆ ಅಷ್ಟೆ. ಸಭೆಗೆ ಜನ ಸೇರಿಸೋಕೆ ಬೇಕು, ಭಾಷಣ ಶುರುವಾದ ಮೇಲೆ ಬೇಡ. ಈ ಅಭ್ಯಾಸದ ಬಗ್ಗೆ ನನಗೆ ತಕರಾರಿದೆ. ಅದಕ್ಕೇ ಪಕ್ಕದ ಚೆನ್ನೈನ ಒಂದು ಬ್ಯಾಂಡಿನ ಚರಿತ್ರೆಯನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ರಾಕ್ ಸಂಗೀತದವರಲ್ಲಿ ‘ಇಂಡಿ’ ಅನ್ನೋ ಮಾತಿದೆ. ಇಂಡಿಪೆಂಡೆಂಟ್ ಅನ್ನೋದರ ಮೊಟಕು ರೂಪ. ದೊಡ್ಡ ಕಂಪನಿಯ ಹಂಗಿಲ್ಲದೆ, ನಮ್ಮ ಕಡೆಯಾದರೆ ಸಿನಿಮಾದ ಹಂಗಿಲ್ಲದೆ, ತಮ್ಮ ಹಾಡನ್ನು ತಾವೇ ಕಟ್ಟಿ ನುಡಿಸುವವರು ಎಂದರ್ಥ. ಬೆಂಗಳೂರು, ಚೆನ್ನೈಗಳ ಎಷ್ಟೋ ಕಾಲೇಜು ಹುಡುಗರು ಹೀಗೆ ಹೇಳಿಕೊಂಡರು. ಒಳ್ಳೇದೇ. ಆದರೆ ಗಿಟಾರಿಗೆ ಕಾಸು, ಅಭ್ಯಾಸಕ್ಕೆ ಕೋಣೆ, ಬಾಯಲ್ಲಿ ಇಂಗ್ಲಿಷು ಇದ್ದವರ ಸ್ವಾತಂತ್ರ್ಯವೇ ಬೇರೆ. ವಾದ್ಯವನ್ನೇ ಬಿಟ್ಟಿ ಚಾಕರಿಯಾಗಿ ಕೊರಳಿಗೆ ಕಟ್ಟಿಸಿಕೊಂಡವರ ಸ್ವಾತಂತ್ರ್ಯವೇ ಬೇರೆ.

ನಮ್ಮ ತಮಟೆಯ ಹಾಗೆ ತಮಿಳರಿಗೆ ಪರೈ. ಹಳೆಯ ತಮಿಳಿನಲ್ಲಿ ‘ಪರೈ’ ಅಂದರೆ ‘ಹೇಳು’ ಅಂತಲೂ ಇದೆ. ಆ ವಾದ್ಯದಿಂದಲೇ ಒಂದು ಜನಕ್ಕೆ ಹೆಸರಿಟ್ಟು, ಆ ಹೆಸರನ್ನೇ ಬೈಗುಳ ಮಾಡಿದರು. ಇಂಗ್ಲಿಷಿನ ‘ಪರಯ’ ಕೂಡ ಅಲ್ಲಿಂದಲೇ ಹೋದದ್ದು. ಊರಲ್ಲಿ ಸಾವಾದರೆ ಹೊಡೀಬೇಕು, ಜಾತ್ರೆಯಾದರೆ ಹೊಡೀಬೇಕು, ಆದರೆ ಗುಡಿಯೊಳಕ್ಕೆ ಬರಬಾರದು. ನಮ್ಮಲ್ಲೂ ಕಥೆ ಇದೇ ಅಲ್ವಾ? ಹೀಗಾಗಿ ತಮಟೆ ಬಿಡಬೇಕೋ, ಹಿಡಿಯಬೇಕೋ ಅನ್ನೋ ಇಕ್ಕಟ್ಟು ಎರಡೂ ರಾಜ್ಯಗಳ ಚಳವಳಿಗಳಿಗೆ ಎದುರಾಯಿತು. ಬಿಟ್ಟರೆ ಅವಮಾನ ಹೋಗುತ್ತೆ, ಜೊತೆಗೆ ವಿದ್ಯೆಯೂ ಹೋಗುತ್ತೆ.

ಚೆನ್ನೈನ ಉತ್ತರ ಭಾಗದ ಕೇರಿಗಳಲ್ಲಿ, ಬಂದರಿನ ಕೂಲಿಗಳ ನಡುವೆ ಬೆಳೆದ ಇನ್ನೊಂದು ಪರಂಪರೆ ಗಾನಾ. ಸತ್ತವರ ಮನೆ ಮುಂದೆ ರಾತ್ರಿಯೆಲ್ಲ ಕೂತು ಹಾಡುವ ಹಾಡು. ತಮಿಳು, ಉರ್ದು, ತೆಲುಗು, ಇಂಗ್ಲಿಷು ಎಲ್ಲ ಕಲೆತ ಬೀದಿಯ ಮಾತು. 1990ರ ದಶಕದಲ್ಲಿ ಸಂಗೀತ ನಿರ್ದೇಶಕ ದೇವಾ ಇದನ್ನು ಸಿನಿಮಾಕ್ಕೆ ತಂದರು. ಧಾಟಿ ಜನಪ್ರಿಯವಾಯಿತು. ಹಾಡುತ್ತಿದ್ದ ಕೇರಿಗೆ ಮಾತ್ರ ಅದೇ ಹಳೇ ಹೆಸರು, ಅದೇ ಕೊಳಗೇರಿ.

ಇಂಥ ಹಿನ್ನೆಲೆಯಲ್ಲಿ 2017ರಲ್ಲಿ ಸಿನಿಮಾ ನಿರ್ದೇಶಕ ಪಾ. ರಂಜಿತ್ ಅವರ ನೀಲಂ ಸಾಂಸ್ಕೃತಿಕ ಕೇಂದ್ರವೂ ಸಂಗೀತಗಾರ ತೆನ್ಮಾ ಅವರ ಮದ್ರಾಸ್ ರೆಕಾರ್ಡ್ಸ್ ಸಂಸ್ಥೆಯೂ ಕೂಡಿ ಹಾಡುಗಾರರನ್ನು ಹುಡುಕಿದವು. ಗಾನಾ ಹಾಡುವವರು, ರ‍್ಯಾಪ್ ಹೇಳುವವರು, ರಾಕ್ ನುಡಿಸುವವರು ಒಟ್ಟಾದರು. ಹತ್ತೊಂಬತ್ತು ಜನರ ತಂಡವಾಯಿತು.

ಹೆಸರಿನ ವಿಷಯ ನಮಗೆ ಮುಖ್ಯ. ‘ಕ್ಯಾಸ್ಟ್‌ಲೆಸ್’ ಅಂದರೆ ‘ನಮಗೆಲ್ಲಾ ಜಾತಿ ಗೀತಿ ಇಲ್ಲಾರೀ’ ಅಂತ ಮೇಲ್ಜಾತಿಯ ನಗರವಾಸಿ ಹೇಳ್ತಾನಲ್ಲ, ಆ ಮರೆವಲ್ಲ. ಇದರ ಬೇರು ಪಂಡಿತ ಅಯೋತಿ ದಾಸರಲ್ಲಿದೆ (1845–1914). ನಮ್ಮ ಜನರನ್ನು ಹಿಂದೂ ಜಾತಿಗಳ ಏಣಿಯಲ್ಲಿ ಕೆಳಗೆ ಬರೆಯಬೇಡಿ, ಜಾತಿ ಇಲ್ಲದವರು ಅಂತಲೇ ಬರೆಯಿರಿ ಎಂದು ಜನಗಣತಿಯವರ ಮುಂದೆ ಹಟ ಹಿಡಿದವರು ಅವರು. 1898ರಲ್ಲಿ ಸಿಂಹಳಕ್ಕೆ ಹೋಗಿ ಬೌದ್ಧರಾದರು. 1907ರಲ್ಲಿ ವಾರಪತ್ರಿಕೆ ಶುರುಮಾಡಿದರು. ಮುಂದೆ ಅದು ‘ತಮಿಳನ್’ ಎಂದು ಹೆಸರಾಯಿತು. ಜಾತಿ ಆಮೇಲೆ ಹೇರಿದ್ದು, ನಾವು ಅದಕ್ಕೂ ಮುಂಚಿನವರು ಎಂಬುದು ಅವರ ವಾದ.

ಕೋಲಾರದ ಕಡೆಯವನಾದ ನನಗೆ ಈ ಚರಿತ್ರೆ ದೂರದ್ದಲ್ಲ. ಚಿನ್ನದ ಗಣಿಗೆ ಇಳಿದ ತಮಿಳು ದಲಿತ ಕಾರ್ಮಿಕರು ಮಾರಿಕುಪ್ಪಂ, ಚಾಂಪಿಯನ್ ರೀಫ್‌ಗಳಲ್ಲಿ ಅಯೋತಿ ದಾಸರ ಬೌದ್ಧ ಸಂಘದ ಶಾಖೆಗಳನ್ನು ಕಟ್ಟಿದ್ದರು. ಅವರು ತೀರಿಕೊಂಡ ಮೇಲೆ ‘ತಮಿಳನ್’ ಪತ್ರಿಕೆ 1926ರಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಮತ್ತೆ ಹೊರಟಿದ್ದು ಕೆಜಿಎಫ್‌ನಿಂದಲೇ. ಗಣಿ 2001ರಲ್ಲಿ ಮುಚ್ಚಿತು. ಆ ನೆಲವನ್ನೇ ಇಟ್ಟುಕೊಂಡು ರಂಜಿತ್ 2024ರಲ್ಲಿ ‘ತಂಗಲಾನ್’ ಸಿನಿಮಾ ಮಾಡಿದರು. ಅಂದರೆ ಬ್ಯಾಂಡಿನ ಹೆಸರಲ್ಲಿರುವ ವಿಚಾರ ನಮ್ಮ ಗಣಿ ಲೈನುಗಳಲ್ಲೂ ಬದುಕಿತ್ತು. ಕನ್ನಡ ವಿಮರ್ಶೆ ಅದನ್ನು ತಮಿಳರ ವಿಷಯ ಅಂತ ಆಚೆಗಿಟ್ಟಿತು.

ತಂಡದ ಮೊದಲ ಕಛೇರಿ ನಡೆದದ್ದು 2018ರ ಜನವರಿ 6ರಂದು, ಚೆನ್ನೈನ ಕೀಲ್ಪಾಕ್‌ನಲ್ಲಿ. ಆ ಹೊತ್ತು ಮಾರ್ಗಳಿ ಮಾಸ. 1928ರಲ್ಲಿ ಹುಟ್ಟಿದ ಮ್ಯೂಸಿಕ್ ಅಕಾಡೆಮಿಯೂ ಊರಿನ ಸಭಾಗಳೂ ಕರ್ನಾಟಕ ಸಂಗೀತದಲ್ಲಿ ಮುಳುಗಿರುವ ಕಾಲ. ಅದೇ ಊರಲ್ಲಿ, ಅದೇ ಮಾಸದಲ್ಲಿ ಸೂಟು ಹಾಕಿಕೊಂಡ ಹುಡುಗರು ಬಯಲಲ್ಲಿ ನಿಂತು ಮೀಸಲಾತಿಯ ಬಗ್ಗೆ, ದನದ ಮಾಂಸದ ಬಗ್ಗೆ, ಅಂಬೇಡ್ಕರ್ ಬಗ್ಗೆ ಹಾಡಿದರು. ಗಿಟಾರು, ಡ್ರಮ್ಸಿನ ಪಕ್ಕದಲ್ಲಿ ಪರೈ, ಸಟ್ಟಿ, ಕಟ್ಟಮೋಳಂ ಇದ್ದವು. ಬಿಡೋದಾ ಹಿಡಿಯೋದಾ ಅನ್ನೋ ಇಕ್ಕಟ್ಟಿಗೆ ಇದೊಂದು ಉತ್ತರ. ಹೊಡೀತೀವಿ, ಆದರೆ ನೀವು ಕರೆದಾಗಲ್ಲ. ನಮ್ಮ ಮಾತಿಗೆ, ನಮ್ಮ ವೇದಿಕೆ ಮೇಲೆ. 2020ರ ಡಿಸೆಂಬರಿನಲ್ಲಿ ನೀಲಂ ಕೇಂದ್ರ ‘ಮಾರ್ಗಳಿಯಲ್ಲಿ ಜನರ ಸಂಗೀತ’ ಎಂಬ ಉತ್ಸವವನ್ನೇ ಶುರುಮಾಡಿತು.

ಹಾಗಂತ ಈ ಚರಿತ್ರೆಯನ್ನು ಬರೀ ಜಯಕಾರವಾಗಿ ಬರೆಯಲಾರೆ. ಹತ್ತೊಂಬತ್ತು ಜನರಲ್ಲಿ ಹೆಣ್ಣುಮಗಳು ಒಬ್ಬರೇ, ಇಸೈವಾಣಿ. ಗಾನಾ ಗಂಡಸರದೇ ಅನ್ನಿಸಿಕೊಂಡಿದ್ದ ಜಾಗಕ್ಕೆ ಬಂದು ನಿಂತವರು. 2020ರಲ್ಲಿ ಬಿಬಿಸಿಯ ನೂರು ಮಹಿಳೆಯರ ಪಟ್ಟಿಯಲ್ಲಿ ಅವರ ಹೆಸರು ಬಂತು. ಶಬರಿಮಲೆ ವಿವಾದದ ಕಾಲದಲ್ಲಿ ಅವರು ಹಾಡಿದ ‘ಐ ಆ್ಯಮ್ ಸಾರಿ ಅಯ್ಯಪ್ಪ’ ಹಾಡನ್ನು ವರ್ಷಗಳ ನಂತರ, 2024ರ ನವೆಂಬರಿನಲ್ಲಿ, ಹೊರಗೆಳೆದು ಅವರ ಮೇಲೆ ದೂರು ಕೊಟ್ಟರು, ಬೆದರಿಸಿದರು. ವೇದಿಕೆ ಹತ್ತಿದ್ದು ತಂಡವಾದರೂ ಏಟು ಬಂದದ್ದು ಒಬ್ಬ ಹೆಣ್ಣಿನ ಮೇಲೆ.

ಇನ್ನೊಂದು ಪ್ರಸಂಗ ಅರಿವು ಅವರದು. ತಂಡದ ರ‍್ಯಾಪ್ ಕವಿ. ಅವರ ಅಜ್ಜಿ ವಳ್ಳಿಯಮ್ಮಾಳ್ ಸಿಂಹಳದ ಚಹಾ ತೋಟದಲ್ಲಿ ದುಡಿದು ವಾಪಸ್ಸು ಬಂದವರು. ಆ ನೆನಪನ್ನು ಇಟ್ಟುಕೊಂಡು ಅವರು ಬರೆದ ‘ಎಂಜಾಯ್ ಎಂಜಾಮಿ’ 2021ರ ಮಾರ್ಚಿನಲ್ಲಿ ಬಂತು; ಸಂಗೀತ ಸಂತೋಷ್ ನಾರಾಯಣನ್, ಜೊತೆಗೆ ಹಾಡಿದವರು ಧೀ. ಲೋಕವೆಲ್ಲ ಕೇಳಿತು. ಅದೇ ವರ್ಷ ಆಗಸ್ಟಿನಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾದ ಮುಖಪುಟ ಬಂದಾಗ ಅದರಲ್ಲಿ ಅರಿವು ಇರಲಿಲ್ಲ. ರಂಜಿತ್ ಬಹಿರಂಗವಾಗಿ ಪ್ರಶ್ನಿಸಿದರು. ಆಮೇಲೆ ಪತ್ರಿಕೆ ಅರಿವು ಅವರದೊಂದು ಡಿಜಿಟಲ್ ಮುಖಪುಟ ಮಾಡಿತು. 2024ರಲ್ಲಿ ಸಂತೋಷ್ ನಾರಾಯಣನ್ ಅವರು ಆ ಹಾಡಿನಿಂದ ಕಲಾವಿದರಿಗೆ ಒಂದು ಪೈಸೆಯೂ ಬಂದಿಲ್ಲ ಎಂದರು. ಕಂಪನಿಯ ಹಂಗಿಲ್ಲದ ಹಾಡು ಅಂದರೂ ಲೆಕ್ಕದ ಪುಸ್ತಕ ಇನ್ಯಾರದೋ ಕೈಲಿತ್ತು.

ಸಿನಿಮಾ ನಿರ್ದೇಶಕನ ಬೆನ್ನೆಲುಬಿದ್ದ ತಂಡ ಸಿನಿಮಾದಿಂದ ಹೇಗೆ ಸ್ವತಂತ್ರ ಅಂತ ಯಾರಾದರೂ ಕೇಳಬಹುದು. ಕೇಳಬೇಕಾದ್ದೇ. ನನ್ನ ಉತ್ತರ ಇಷ್ಟು: ದಲಿತರ ಕಲೆಗೆ ಬಂಡವಾಳ ಆಕಾಶದಿಂದ ಉದುರೋದಿಲ್ಲ. ದುಡ್ಡು ಎಲ್ಲಿಂದ ಬಂತು ಅನ್ನೋದರ ಜೊತೆಗೆ, ಏನು ಹಾಡಬೇಕು ಅಂತ ಯಾರು ತೀರ್ಮಾನಿಸಿದರು ಅನ್ನೋದನ್ನೂ ನೋಡಬೇಕು. ಮೀಸಲಾತಿಯ ಹಾಡು ಹಾಡು ಅಂತ ಯಾವ ಮಾರುಕಟ್ಟೆಯೂ ಆ ಹುಡುಗರನ್ನು ಕೇಳಿರಲಿಲ್ಲ.

ಇನ್ನು ನಮ್ಮ ಮನೆಯ ವಿಷಯ. ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂತು. ಸಿದ್ಧಲಿಂಗಯ್ಯನವರ ಪದಗಳು ಪುಸ್ತಕಕ್ಕಿಂತ ಹೆಚ್ಚಾಗಿ ಬಾಯಿಂದ ಬಾಯಿಗೆ, ತಮಟೆಯಿಂದ ತಮಟೆಗೆ ಊರೂರು ತಿರುಗಿದವು. ಆ ಸಾಲುಗಳ ಮೇಲೆ ವಿಮರ್ಶೆ ಬೇಕಾದಷ್ಟಿದೆ. ಆ ಧಾಟಿ ಕಟ್ಟಿದವರ ಮೇಲೆ? ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರ ತಮಟೆಗೆ 2023ರಲ್ಲಿ ಪದ್ಮಶ್ರೀ ಬಂತು, ಸರಿ. ಆದರೆ ಜಾಥಾಗಳಲ್ಲಿ ತಮಟೆ ಕಾಯಿಸಿ ಹೊಡೆದ ನೂರಾರು ಜನರ ಹೆಸರನ್ನು ನಾವೂ ಬರೆದಿಡಲಿಲ್ಲ. ಮುಖಪುಟದಲ್ಲಿ ಅರಿವು ಇಲ್ಲ ಅಂತ ಸಿಟ್ಟಾಗುವ ನಾವು ಈ ಲೆಕ್ಕವನ್ನೂ ಕೊಡಬೇಕು. ಆ ತಲೆಮಾರಿನವರಲ್ಲಿ ಅನೇಕರು ಇನ್ನೂ ಇದ್ದಾರೆ. ವಿದ್ಯಾರ್ಥಿ ಗೆಳೆಯರು ತಂತಮ್ಮ ತಾಲ್ಲೂಕಲ್ಲಿ ಅವರನ್ನು ಹುಡುಕಿ, ಯಾವ ಹಾಡಿಗೆ ಯಾರು ಹೊಡೆದರು, ಯಾವ ಗತ್ತು ಎಲ್ಲಿಂದ ಬಂತು ಅಂತ ಕೇಳಿ ಬರೆದುಕೊಂಡರೆ ನಮ್ಮ ವಿಮರ್ಶೆಗೆ ಬೇಕಾದ ಮೊದಲ ಪಠ್ಯ ಸಿಗುತ್ತದೆ.