ನೆರೆ ಮತ್ತು ಹೊರೆ

ಕಳೆದ ಮಳೆಗಾಲದಲ್ಲಿ ಕುಮಟೆಯ ಬಸ್ ನಿಲ್ದಾಣದಲ್ಲಿ ತರುಣನೊಬ್ಬನು ಮೊಬೈಲಿನಲ್ಲಿ, “ನಮ್ಮ ನೇಬರ್ಸ್ ಮನೆಗೆ ನೆರೆನೀರು ನುಗ್ಗಿದೆ, ನಾನು ಅಲ್ಲಿಗೇ ಹೊರಟಿದ್ದೇನೆ” ಎನ್ನುತ್ತಿದ್ದುದು ಕಿವಿಗೆ ಬಿತ್ತು. ಆತನು ಮಾಡಹೊರಟಿದ್ದ ಕಾರ್ಯವು ಸರ್ವಥಾ ಶ್ಲಾಘ್ಯವಾದುದು. ಆದರೆ ಪ್ರವಾಹಕ್ಕೆ ಕನ್ನಡದ ಶಬ್ದವನ್ನು ಉಳಿಸಿಕೊಂಡು, ಆ ಪ್ರವಾಹದಲ್ಲಿ ಸಿಲುಕಿದ ಮನುಷ್ಯನಿಗೆ ಮಾತ್ರ ಪರಭಾಷೆಯ ಹೆಸರನ್ನು ಎರವಲು ತಂದುದು ನನಗೆ ಖೇದವನ್ನುಂಟುಮಾಡಿತು. ನೆರೆಮನೆ, ನೆರೆಯೂರು, ನೆರೆಯವರು ಎಂಬ ಮಾತುಗಳು ಒಂದೊಂದಾಗಿ ನಾಲಗೆಯಿಂದ ಜಾರಿಹೋಗಿ, ನೆರೆಯೆಂದರೆ ವಿಪತ್ತು ಎಂಬ ಒಂದೇ ಅರ್ಥವು ಈ ಕರಾವಳಿಯಲ್ಲಿ ಉಳಿಯುವ ಕಾಲ ಬಂದೀತೇ?

ತುಂಬುವ ನೆಱೆಗೆ ಹಳಗನ್ನಡದಲ್ಲಿ ಶಕಟರೇಫವಿದ್ದಿತು, ಕೂಡುವ ನೆರೆಗೆ ಸಾಮಾನ್ಯ ರೇಫವಿದ್ದಿತು, ಆದುದರಿಂದ ಇವೆರಡೂ ಬೇರೆಬೇರೆ ಶಬ್ದಗಳು ಎಂದು ಪಂಡಿತರು ಹೇಳುವರು. ಇರಲಿ. ಆ ಅಕ್ಷರವು ಬಳಕೆಯಿಂದ ಅಳಿದ ಮೇಲೆ ಎರಡೂ ಒಂದೇ ರೂಪವನ್ನು ತಾಳಿದುದಕ್ಕೆ ಜನಾನುಭವದ ಸಮ್ಮತಿಯೂ ಇದ್ದಿತೆಂಬುದು ನನ್ನ ದೃಢವಾದ ಮತ. ಲಿಂಗನಮಕ್ಕಿಯ ಜಲಾಶಯವು ತುಂಬಿ ಬಾಗಿಲುಗಳು ತೆರೆದಾಗ ಹೊನ್ನಾವರದ ಶರಾವತಿಯ ದಂಡೆಯವರೂ, ಅಣೆಕಟ್ಟಿನ ತಡೆಯನ್ನೇ ಕಾಣದ ಅಘನಾಶಿನಿಯು ಉಕ್ಕಿದಾಗ ಕುಮಟೆಯ ತಗ್ಗುಪ್ರದೇಶದವರೂ, ಮಕ್ಕಳನ್ನೆತ್ತಿಕೊಂಡು ದಿಬ್ಬದ ಮೇಲಿನ ಮನೆಯ ಜಗಲಿಯನ್ನು ಹತ್ತುವರು. ನೀರು ನೆರೆದಲ್ಲಿ ಜನವೂ ನೆರೆಯುವುದು. 2022ರ ಆಗಸ್ಟಿನ ಆರಂಭದಲ್ಲಿ ಭಟ್ಕಳದ ಬೀದಿಗಳು ಜಲಾವೃತವಾಗಿ, ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಪ್ರಾಣ ಕಳೆದುಕೊಂಡ ದಿನಗಳನ್ನು ಕಂಡವರಿಗೆ ಈ ಎರಡು ಅರ್ಥಗಳ ಸಾಮೀಪ್ಯವನ್ನು ನಿಘಂಟು ತೆರೆದು ತೋರಿಸಬೇಕಾದುದಿಲ್ಲ.

ಕನ್ನಡ ಬೈಬಲಿನ ಅನುವಾದಕರು ‘ನೆರೆಯವನು’ ಎಂಬ ಶಬ್ದವನ್ನೇ ಆರಿಸಿಕೊಂಡುದನ್ನು ನಾನು ಭಾಷೆಯ ಭಾಗ್ಯವೆಂದೆಣಿಸುತ್ತೇನೆ. ತನ್ನ ನೆರೆಯವನಾರೆಂದು ಧರ್ಮಶಾಸ್ತ್ರಜ್ಞನೊಬ್ಬನು ಕೇಳಿದಾಗ ಯೇಸುವು ಲಕ್ಷಣವಾಕ್ಯವನ್ನು ಹೇಳಲಿಲ್ಲ. ಜೆರುಸಲೇಮಿನಿಂದ ಜೆರಿಕೋವಿಗೆ ಇಳಿಯುವ ದಾರಿಯಲ್ಲಿ ದರೋಡೆಗಾರರ ಪೆಟ್ಟಿಗೆ ಸಿಕ್ಕಿ ಬಿದ್ದವನ ಕಥೆಯನ್ನು ಹೇಳಿದನು. ಯಾಜಕನೂ ಲೇವಿಯನೂ ಓರೆಯಾಗಿ ಸರಿದುಹೋದ ಮೇಲೆ, ಯೆಹೂದ್ಯರ ತಿರಸ್ಕಾರಕ್ಕೆ ಪಾತ್ರನಾಗಿದ್ದ ಸಮಾರ್ಯನೊಬ್ಬನು ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಛತ್ರಕ್ಕೊಯ್ದು, ಆರೈಕೆಯ ವೆಚ್ಚವನ್ನೂ ತೆತ್ತನು. ಅನಂತರ ಯೇಸುವು ಕೇಳಿದ ಪ್ರಶ್ನೆ, ಈ ಮೂವರಲ್ಲಿ ನೆರೆಯವನಾದವನು ಯಾರು ಎಂಬುದು. ಕನ್ನಡದಲ್ಲಿ ನೆರೆಯೆಂಬುದು ನಾಮಪದವಾಗುವಂತೆ ಕ್ರಿಯಾಪದವೂ ಆಗಬಲ್ಲುದಾದುದರಿಂದ, ಈ ಕಥೆಯ ಸಾರವು ನಮ್ಮ ಶಬ್ದದಲ್ಲಿಯೇ ಅಡಗಿದೆ: ಹತ್ತಿರವಿರುವುದರಿಂದ ಯಾವನೂ ನೆರೆಯವನಾಗನು, ಹತ್ತಿರ ಬಂದುದರಿಂದ ಆಗುವನು.

ಹಾಗೆ ಹತ್ತಿರ ಬಂದವರಲ್ಲಿ ಜೋಸೆಫ್ ವಾಜ್ ಎಂಬ ಗೋವೆಯ ಪಾದ್ರಿಯನ್ನು ಈ ಸೀಮೆಯು ನೆನೆಯಬೇಕು. 1681ರಿಂದ ಕೆಲವು ವರ್ಷ ಕೆನರಾ ತೀರದ ಕ್ರೈಸ್ತರ ನಡುವೆ ದುಡಿದ ಈತನು, ಮುಂದೆ ಸಿಂಹಳಕ್ಕೆ ತೆರಳಿ, 1697ರಲ್ಲಿ ಕ್ಯಾಂಡಿಯಲ್ಲಿ ಸಿಡುಬು ಹರಡಿ ಬಂಧುಗಳೇ ರೋಗಿಗಳನ್ನು ತೊರೆದು ಹೋದಾಗ, ಸ್ವಮತ ಪರಮತವೆಂಬ ವಿಚಾರಣೆಯಿಲ್ಲದೆ ಅವರನ್ನು ತೊಳೆದು ಉಣಿಸಿ ಉಪಚರಿಸಿದನು. 2015ರಲ್ಲಿ ಆತನನ್ನು ಸಂತನೆಂದು ಘೋಷಿಸಿದುದು ಧರ್ಮಸಭೆ; ಆ ಹೆಸರಿಗೆ ತಕ್ಕವನನ್ನಾಗಿಸಿದುದು ಆ ರೋಗಿಗಳ ಶುಶ್ರೂಷೆ.

ಇನ್ನು ಒಂದು ಗಾದೆಯ ವಿಷಯ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂಬುದನ್ನು ನಮ್ಮಜ್ಜಿಯು ತನ್ನ ಹಿರಿಯರ ಮಾತೆಂದೇ ತಿಳಿದಿದ್ದಳು, ಅದು ಮತ್ತಾಯನ ಸುವಾರ್ತೆಯಲ್ಲಿದೆಯೆಂದು ನಾನು ಹೇಳಿದಾಗ, “ಒಳ್ಳೇ ಮಾತಿಗೆ ಊರು ಯಾವುದಾದ್ರೆ ಏನಪ್ಪಾ?” ಎಂದಳು. ಆಕೆಯು ಆ ಗಾದೆಯನ್ನು ಹೇಳುತ್ತಿದ್ದುದು ಹೆಚ್ಚಾಗಿ ಒಬ್ಬ ಕ್ರೈಸ್ತ ಗೃಹಿಣಿಯನ್ನು ಕುರಿತು. ಆಷಾಢದಲ್ಲಿ ದೋಣಿಗಳು ದಡ ಸೇರಿ, ಕೂಲಿಯೂ ನಿಂತು, ಕೇರಿಯ ಮನೆಗಳಲ್ಲಿ ಗಂಜಿಗೂ ಅಭಾವವಾದಾಗ, ಆ ತಾಯಿಯು ಮುಸ್ಸಂಜೆಯ ಹೊತ್ತಿಗೆ ಹಿತ್ತಿಲ ದಣಪೆಯ ಕಡೆಯಿಂದ ಬಂದು, ಸೆರಗಿನಲ್ಲಿ ಮುಚ್ಚಿ ತಂದ ಕುಚ್ಚಲಕ್ಕಿಯನ್ನು ಮೊರದಲ್ಲಿ ಸುರುವಿ, ಪಡೆದವಳ ಮುಖವನ್ನೂ ನೋಡದೆ ಮಳೆಯ ಮಾತನ್ನಾಡಿ ಹಿಂತಿರುಗುತ್ತಿದ್ದಳಂತೆ. ಮುಖವನ್ನು ನೋಡದಿದ್ದುದೇ ಆಕೆಯ ದಾನದ ಪರಮೋತ್ಕರ್ಷವೆಂದು ಅಜ್ಜಿಯ ವ್ಯಾಖ್ಯಾನ. ನೋಡಿದ್ದರೆ ಪಡೆದವಳು ಕಣ್ಣು ತಗ್ಗಿಸಬೇಕಾಗುತ್ತಿತ್ತು. ಆ ತಾಯಿಯು ಮನೆಯಲ್ಲಿ ಕೊಂಕಣಿಯಲ್ಲಿ ಜಪ ಹೇಳುವವಳು, ಡಿಸೆಂಬರ್ 3ರಂದು ಚಂದಾವರದ ಸಂತ ಝೇವಿಯರನ ಹಬ್ಬವನ್ನು ತಪ್ಪಿಸದವಳು; ಆದರೂ ತನ್ನ ಧರ್ಮವನ್ನು ಕುರಿತು ಒಂದು ಮಾತನ್ನೂ ಅಜ್ಜಿಯ ಮುಂದೆ ಆಡಿದವಳಲ್ಲ. ಆ ಧರ್ಮದ ಬಗೆಗೆ ಅಜ್ಜಿಗೆ ತಿಳಿದಿದ್ದುದೆಲ್ಲವೂ ಆ ಅಕ್ಕಿಯಿಂದಲೇ ತಿಳಿದುದು.

ನೆರೆಹೊರೆಯೆಂಬ ಜೋಡುನುಡಿಯ ಉತ್ತರಾರ್ಧವನ್ನೂ ಮರೆಯಲಾಗದು. ಅಲ್ಲಿಯ ಹೊರೆಗೆ ಪಾರ್ಶ್ವವೆಂಬ ಅರ್ಥವನ್ನು ಕೋಶಗಳು ಕೊಡಲಿ. ನನಗಾದರೋ ಅದು ತಲೆಯ ಮೇಲಿನ ಭಾರವಾಗಿಯೇ ಕೇಳಿಸುವುದು. ಒಬ್ಬರ ಭಾರವನ್ನು ಒಬ್ಬರು ಹೊರುವುದರಲ್ಲಿಯೇ ಕ್ರಿಸ್ತನ ನಿಯಮವು ನೆರವೇರುವುದೆಂದು ಪೌಲನು ಗಲಾತ್ಯದವರಿಗೆ ಬರೆದುದನ್ನು ಓದುವಾಗಲೆಲ್ಲ ನಮ್ಮ ಈ ಜೋಡುನುಡಿಯೇ ಎದುರು ನಿಲ್ಲುವುದು.

ಇಂದಾದರೋ ಪರಿಹಾರ ಹಂಚುವ ವೇದಿಕೆಗಳಲ್ಲಿ, ಚರ್ಚಿನ ಸಭಾಂಗಣಗಳಲ್ಲಿಯೂ ಸಹ, ‘ಸಂತ್ರಸ್ತರು’, ‘ಫಲಾನುಭವಿಗಳು’ ಎಂಬ ಕಚೇರಿಯ ಮಾತುಗಳೇ ಮೊಳಗುತ್ತಿವೆ. ಪಡೆಯುವವನನ್ನು ಛಾಯಾಚಿತ್ರಕ್ಕೆ ನಿಲ್ಲಿಸಿ, ಎಡಗೈಗೆ ಮಾತ್ರವಲ್ಲದೆ ಊರಿಗೆಲ್ಲ ತಿಳಿಸಲಾಗುತ್ತಿದೆ. ಮನೆ ಮುಳುಗಿದವನು ಯಾವ ಫಲವನ್ನು ಅನುಭವಿಸಿದನು? ಆ ಪಟ್ಟಿಗಳ ಶಿರೋನಾಮೆಯನ್ನು ಅಳಿಸಿ ‘ನೆರೆಯವರು’ ಎಂದು ಬರೆಯಬೇಕೆಂದು ಪಾದ್ರಿಗಳಲ್ಲಿಯೂ ಪಂಚಾಯತಿಯವರಲ್ಲಿಯೂ ನನ್ನ ವಿನಂತಿ. ಹಾಗೆ ಬರೆದವನು, ಚೀಲವನ್ನು ಕೈಗಿತ್ತ ಕ್ಷಣಕ್ಕೆ ತನ್ನ ಕರ್ತವ್ಯವು ಮುಗಿಯಿತೆಂದು ಎಣಿಸಲಾರನು. ನೀರು ಇಳಿದ ಮೇಲೂ ಅವನು ಆ ಮನೆಯ ಬಾಗಿಲಿಗೆ ಹೋಗಿ ವಿಚಾರಿಸಲೇಬೇಕಾಗುವುದು.